ಯಾವ ಪುಸ್ತಕದಿಂದ ಶುರು ಮಾಡಬೇಕು? ಫ್ಯಾಂಟಸಿ ಲೇಖಕರನ್ನು ಹುಡುಕುವ, ಸರಣಿಗಳನ್ನು ಕ್ರಮವಾಗಿ ಓದುವ ಬಗೆ

ಕೆಲವು ವರ್ಷಗಳ ಹಿಂದೆ, ಆಷಾಢದ ಮಳೆ ಹಿಡಿದುಕೊಂಡು ಶಿರಸಿಯ ನಮ್ಮ ಮನೆಯಲ್ಲಿ ಎರಡು ದಿನ ಕರೆಂಟಿಲ್ಲದಿದ್ದಾಗ, ಪೋಲೆಂಡಿನ ಲೇಖಕ ಆಂಜೈ ಸಪ್ಕೊವ್‌ಸ್ಕಿಯವರ ‘ಬ್ಲಡ್ ಆಫ್ ಎಲ್ವ್ಸ್’ ಕಾದಂಬರಿಯನ್ನು ಓದಲು ಕುಳಿತೆ. ಪುಸ್ತಕ ತರಿಸಿಕೊಂಡ ಜಾಲತಾಣದಲ್ಲಿ ಅದರ ಹೆಸರಿನ ಪಕ್ಕ ‘1’ ಎಂಬ ಅಂಕಿ ಇದ್ದುದರಿಂದ ಹೆಚ್ಚು ವಿಚಾರಿಸುವ ಗೋಜಿಗೆ ಹೋಗಿರಲಿಲ್ಲ. ನಲವತ್ತು ಪುಟ ದಾಟುವಷ್ಟರಲ್ಲಿ, ನಡುರಾತ್ರಿ ಬಂದು ಯಕ್ಷಗಾನದ ಆಟದ ಮಧ್ಯದಲ್ಲಿ ಚಾಪೆ ಹಾಸಿ ಕುಳಿತವನ ಸ್ಥಿತಿ ನನ್ನದಾಯಿತು. ಗೆರಾಲ್ಟ್ ಎಂಬ ರಾಕ್ಷಸಬೇಟೆಗಾರನಿಗೂ ಸಿರಿ ಎಂಬ ಬಾಲಕಿಗೂ ಹಳೆಯ ಋಣಾನುಬಂಧವೊಂದು ಇರುವಂತೆ ಕಥೆ ನಡೆಯುತ್ತಿತ್ತೇ ಹೊರತು ಅದು ಯಾವಾಗ, ಹೇಗೆ ಬೆಳೆಯಿತೆಂದು ಎಲ್ಲೂ ಹೇಳುತ್ತಿರಲಿಲ್ಲ.

ವಿಚಾರಿಸಿದ ಮೇಲೆ ತಿಳಿದದ್ದಿಷ್ಟು. ಆ ಕಾದಂಬರಿಗೆ ಮೊದಲು ‘ದಿ ಲಾಸ್ಟ್ ವಿಶ್’ ಮತ್ತು ‘ಸೋರ್ಡ್ ಆಫ್ ಡೆಸ್ಟಿನಿ’ ಎಂಬ ಎರಡು ಕಥಾಸಂಕಲನಗಳಿವೆ. ಗೆರಾಲ್ಟ್ ಮತ್ತು ಸಿರಿ ಮೊದಲು ಸಂಧಿಸುವುದು ಎರಡನೆಯ ಸಂಕಲನದಲ್ಲಿ. ಪೋಲಿಷ್ ಭಾಷೆಯಲ್ಲಿ ಈ ಎರಡೂ 1993ರ ಹೊತ್ತಿಗೆ ಬಂದಿದ್ದವು, ಕಾದಂಬರಿ ಬಂದದ್ದು 1994ರಲ್ಲಿ. ಇಂಗ್ಲಿಷಿನಲ್ಲಿ ಮಾತ್ರ ‘ದಿ ಲಾಸ್ಟ್ ವಿಶ್’ 2007ರಲ್ಲಿ, ಕಾದಂಬರಿ ಅದರ ಮರುವರ್ಷ, ‘ಸೋರ್ಡ್ ಆಫ್ ಡೆಸ್ಟಿನಿ’ 2015ರಲ್ಲಿ ಪ್ರಕಟವಾದವು. ಹಾಗಾಗಿ ಜಾಲತಾಣದ ಅಂಕಿ ಸುಳ್ಳಾಗಿರಲಿಲ್ಲ. ಕಾದಂಬರಿಗಳ ಪೈಕಿ ಅದೇ ಮೊದಲನೆಯದು. ಕಥೆ ಮಾತ್ರ ಅಲ್ಲಿಂದ ಶುರುವಾಗುವುದಿಲ್ಲ.

ಈ ಎಡವಟ್ಟಿನ ನಂತರ ನಾನು ಒಂದು ಸೂತ್ರವನ್ನು ಇಟ್ಟುಕೊಂಡಿದ್ದೇನೆ. ಸರಣಿಯ ಕ್ರಮವೆಂದರೆ ಕಥೆಯೊಳಗಿನ ಘಟನೆಗಳು ನಡೆದ ಕ್ರಮವಲ್ಲ, ಲೇಖಕರು ತಮ್ಮ ಗುಟ್ಟುಗಳನ್ನು ಓದುಗನೆದುರು ಬಿಚ್ಚಿದ ಕ್ರಮ. ಪ್ರತಿಯೊಂದು ಸಂಪುಟವನ್ನು ಬರೆಯುವಾಗಲೂ ಲೇಖಕರ ಮನಸ್ಸಿನಲ್ಲಿ, ಓದುಗನಿಗೆ ಇಷ್ಟು ಗೊತ್ತಿದೆ, ಇಷ್ಟು ಗೊತ್ತಿಲ್ಲ ಎಂಬ ಲೆಕ್ಕ ಇರುತ್ತದೆ. ಆ ಲೆಕ್ಕವನ್ನು ಕಂಡುಹಿಡಿಯುವುದೇ ನಮ್ಮ ಕೆಲಸ. ಆದರೆ ಅದಕ್ಕೂ ಮೊದಲು, ಯಾರನ್ನು ಓದಬೇಕೆಂಬ ಪ್ರಶ್ನೆಯಿದೆ.

ಮೊದಲು ನಿಮ್ಮ ರುಚಿಯನ್ನು ಬರೆದಿಡಿ

ನಮ್ಮ ಕಡೆ ಯಕ್ಷಗಾನದ ಒಂದೇ ಪ್ರಸಂಗವನ್ನು ಬೆಳಗಿನವರೆಗೆ ನೋಡಿ ಮನೆಗೆ ಮರಳುವ ನಾಲ್ವರು, ನಾಲ್ಕು ಬೇರೆ ಬೇರೆ ಆಟ ನೋಡಿದವರಂತೆ ಮಾತಾಡುತ್ತಾರೆ. ಒಬ್ಬನಿಗೆ ಭಾಗವತರ ಪದ್ಯ, ಮತ್ತೊಬ್ಬನಿಗೆ ಕುಣಿತ, ಮಗದೊಬ್ಬನಿಗೆ ಅರ್ಥಗಾರಿಕೆ, ಇನ್ನೊಬ್ಬನಿಗೆ ಹಾಸ್ಯ. ಫ್ಯಾಂಟಸಿ ಓದುಗರೂ ಹೀಗೆಯೇ. ‘ನನಗೆ ಡ್ರ್ಯಾಗನ್ ಇರುವ ಕಥೆ ಇಷ್ಟ’ ಎಂಬ ಮಾತಿನಿಂದ ಯಾವ ಲೇಖಕರೂ ಸಿಗುವುದಿಲ್ಲ. ಆದ್ದರಿಂದ ನೀವು ಮನಸಾರೆ ಮೆಚ್ಚಿದ ಮೂರು ಪುಸ್ತಕಗಳನ್ನು ಆರಿಸಿ, ಅವು ಫ್ಯಾಂಟಸಿಯೇ ಆಗಿರಬೇಕೆಂದೇನೂ ಇಲ್ಲ, ಪ್ರತಿಯೊಂದರ ಬಗ್ಗೆ ಒಂದೊಂದು ವಾಕ್ಯ ಬರೆಯಿರಿ. ಅರಮನೆಯ ಒಳಸಂಚು ಹಿಡಿಸಿತೋ, ಮಂತ್ರವಿದ್ಯೆಗೊಂದು ಶಾಸ್ತ್ರವಿದ್ದದ್ದು ಹಿಡಿಸಿತೋ, ಭಾಷೆಯ ಗತ್ತು ಹಿಡಿಸಿತೋ, ನಗು ಹಿಡಿಸಿತೋ ಎಂಬುದು ಆ ವಾಕ್ಯದಲ್ಲಿ ಕಾಣಬೇಕು. ಬೇಡವಾದದ್ದನ್ನೂ ಬರೆಯಿರಿ. ನನ್ನ ಚೀಟಿಯಲ್ಲಿ ‘ಹಿಂಸೆಯ ಸುದೀರ್ಘ ವರ್ಣನೆ ಬೇಡ’ ಎಂದಿದೆ. ಆ ಒಂದು ಸಾಲು ನನ್ನ ಹಣವನ್ನು ಬಹಳ ಉಳಿಸಿದೆ.

ಕೊಂಡಿ ಹಿಡಿದು ಹೋಗುವುದು

ಹೊಸ ಲೇಖಕರನ್ನು ತಲುಪಲು ನನಗೆ ಅತ್ಯಂತ ನಂಬಿಕೆಯಾದ ದಾರಿ ಮೆಚ್ಚಿನ ಲೇಖಕರ ಕೈ ಹಿಡಿದು ಮುಂದಿನವರ ಮನೆಗೆ ಹೋಗುವುದು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ 1973ರಲ್ಲಿ ತೀರಿಕೊಂಡ ನಂತರ ಅವರ ಮಗ ಕ್ರಿಸ್ಟೋಫರ್, ತಂದೆಯ ಹಸ್ತಪ್ರತಿಗಳಿಂದ ‘ದಿ ಸಿಲ್ಮರಿಲಿಯನ್’ ಗ್ರಂಥವನ್ನು ಸಂಪಾದಿಸಿ 1977ರಲ್ಲಿ ಹೊರತಂದರು. ಆ ಸಂಪಾದನೆಯಲ್ಲಿ ನೆರವಾದ ಕೆನಡಾದ ಯುವಕ ಗೈ ಗೇವ್ರಿಯಲ್ ಕೇ. ಮುಂದೆ ಅವರು ಸ್ವತಃ ಕಾದಂಬರಿಕಾರರಾಗಿ, 1990ರಲ್ಲಿ ‘ಟಿಗಾನ’ ಬರೆದರು. ಸೋತ ನಾಡೊಂದರ ಹೆಸರನ್ನೇ ಜನರ ನೆನಪಿನಿಂದ ಅಳಿಸಿಹಾಕುವ ಮಾಂತ್ರಿಕ ದೊರೆಯ ಕಥೆಯದು. ಟೋಲ್ಕಿನ್ ಹಿಡಿಸಿದವರಿಗೆ ಕೇ ಹಿಡಿಸುವ ಸಂಭವ ಹೆಚ್ಚು. ಹಾಗೆಯೇ ರಾಬರ್ಟ್ ಜೋರ್ಡನ್ 2007ರಲ್ಲಿ ನಿಧನರಾದಾಗ ಅರ್ಧಕ್ಕೆ ನಿಂತಿದ್ದ ‘ದಿ ವೀಲ್ ಆಫ್ ಟೈಮ್’ ಸರಣಿಯ ಕೊನೆಯ ಮೂರು ಸಂಪುಟಗಳನ್ನು, ಅವರ ಟಿಪ್ಪಣಿಗಳ ಆಧಾರದ ಮೇಲೆ ಪೂರೈಸಿದವರು ಬ್ರ್ಯಾಂಡನ್ ಸ್ಯಾಂಡರ್‌ಸನ್. ಅಲ್ಲಿ ಅವರ ಪರಿಚಯವಾದ ಸಾವಿರಾರು ಓದುಗರು ಅವರದೇ ‘ಮಿಸ್ಟ್‌ಬಾರ್ನ್’ ಸರಣಿಗೆ ಹೋದರು. ಇಂಥ ಕೊಂಡಿ ಇಂಗ್ಲಿಷಿನ ಸೊತ್ತೇನಲ್ಲ. ಹಿಂದಿ ಓದಬಲ್ಲವರಿಗೆ ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ ಇದೆ, 1888ರದ್ದು. ಅದರ ಮುಂದಿನ ಪೀಳಿಗೆಯ ಕಥೆ ‘ಚಂದ್ರಕಾಂತಾ ಸಂತತಿ’. ಅದಾದ ಮೇಲೆ ‘ಭೂತನಾಥ’, ಅದನ್ನು ತಂದೆ ಅರ್ಧಕ್ಕೆ ಬಿಟ್ಟುಹೋದಾಗ ಮಗ ದುರ್ಗಾಪ್ರಸಾದ ಖತ್ರಿ ಪೂರ್ತಿ ಮಾಡಿದರು.

ಎರಡನೆಯ ದಾರಿ ಪ್ರಶಸ್ತಿಗಳದ್ದು. 1953ರಿಂದ ನಡೆದುಬಂದಿರುವ ಹ್ಯೂಗೋ, 1975ರಿಂದ ಇರುವ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ, ಇವುಗಳಲ್ಲಿ ಗೆದ್ದ ಪುಸ್ತಕಕ್ಕಿಂತ ಅಂತಿಮ ಸುತ್ತಿಗೆ ಬಂದ ಐದಾರು ಪುಸ್ತಕಗಳ ಪಟ್ಟಿ ನನಗೆ ಹೆಚ್ಚು ಉಪಯುಕ್ತವಾಗಿದೆ. ಗೆದ್ದದ್ದನ್ನು ಹೇಗೂ ಎಲ್ಲರೂ ಹೇಳುತ್ತಾರೆ. ಉಳಿದವುಗಳಲ್ಲಿ ನಿಮ್ಮ ಚೀಟಿಗೆ ಹೊಂದುವುದು ಅಡಗಿರುತ್ತದೆ. ಗೆದ್ದವರಲ್ಲೂ ಬಿಡಬಾರದ ಕೆಲವರಿದ್ದಾರೆ. ಎನ್. ಕೆ. ಜೆಮಿಸಿನ್ ಅವರ ‘ಬ್ರೋಕನ್ ಅರ್ತ್’ ತ್ರಿವಳಿಯ ಮೂರೂ ಸಂಪುಟಗಳಿಗೆ 2016, 2017, 2018ರಲ್ಲಿ ಸಾಲಾಗಿ ಹ್ಯೂಗೋ ಬಂದಿತು.

ಮೂರನೆಯದು ಸಂಕಲನ. ರಾಬರ್ಟ್ ಸಿಲ್ವರ್‌ಬರ್ಗ್ 1998ರಲ್ಲಿ ಸಂಪಾದಿಸಿದ ‘ಲೆಜೆಂಡ್ಸ್’ ಎಂಬ ದಪ್ಪ ಪುಸ್ತಕದಲ್ಲಿ ಹನ್ನೊಂದು ಲೇಖಕರು ತಮ್ಮ ತಮ್ಮ ಪ್ರಸಿದ್ಧ ಸರಣಿಯ ಲೋಕದಲ್ಲಿ ನಡೆಯುವ ಒಂದೊಂದು ನೀಳ್ಗತೆಯನ್ನು ಬರೆದಿದ್ದಾರೆ. ಉರ್ಸುಲಾ ಲೆ ಗ್ವಿನ್, ಟೆರ್ರಿ ಪ್ರಾಚೆಟ್, ಜಾರ್ಜ್ ಆರ್. ಆರ್. ಮಾರ್ಟಿನ್, ಜೋರ್ಡನ್, ಟ್ಯಾಡ್ ವಿಲಿಯಮ್ಸ್ ಎಲ್ಲರೂ ಅಲ್ಲಿದ್ದಾರೆ. ಊಟದ ಮನೆಯಲ್ಲಿ ಬಾಳೆ ತುದಿಗೆ ಬಡಿಸಿದ ವ್ಯಂಜನಗಳ ಹಾಗೆ, ಒಂದೊಂದನ್ನು ನಾಲಗೆಗೆ ಹಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಪುಸ್ತಕವನ್ನು ನಾನು ಕಂಡಿಲ್ಲ.

ಖರ್ಚೇ ಇಲ್ಲದ ದಾರಿಯೂ ಇದೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಕೃತಿಗಳು, ಜಾರ್ಜ್ ಮ್ಯಾಕ್‌ಡೊನಾಲ್ಡರ 1858ರ ‘ಫ್ಯಾಂಟಾಸ್ಟೆಸ್’, ವಿಲಿಯಂ ಮಾರಿಸರ 1896ರ ‘ದಿ ವೆಲ್ ಅಟ್ ದಿ ವರ್ಲ್ಡ್ಸ್ ಎಂಡ್’ ಇಂಥವು, ಹಳೆಯ ಪುಸ್ತಕಗಳ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಭಾಷೆ ಹಳತು, ನಡೆ ನಿಧಾನ. ನಿಧಾನಕ್ಕೆ ಒಗ್ಗಿದವರಿಗೆ ಮಾತ್ರ ಹೇಳುತ್ತಿದ್ದೇನೆ.

ಸರಣಿಗೆ ಮುನ್ನ ಒಂಟಿ ಪುಸ್ತಕ

ಹೊಸ ಲೇಖಕರೊಬ್ಬರ ಹತ್ತು ಸಂಪುಟಗಳ ಸರಣಿಗೆ ಕೈಹಾಕುವ ಮೊದಲು, ಅವರು ಒಂದೇ ಸಂಪುಟದಲ್ಲಿ ಮುಗಿಸಿದ ಕಾದಂಬರಿ ಇದೆಯೇ ಎಂದು ನೋಡಬೇಕು. ಕೇ ಅವರ ‘ಟಿಗಾನ’ ಅಂಥದ್ದು. ಸುಸಾನಾ ಕ್ಲಾರ್ಕ್ ಅವರ ‘ಪಿರನೇಸಿ’ ಅಂಥದ್ದು, ಅದೂ ತೆಳ್ಳಗಿನ ಪುಸ್ತಕ. ಇಲ್ಲವಾದರೆ ಇ-ಪುಸ್ತಕ ಮಾರುವ ತಾಣಗಳಲ್ಲಿ ಮೊದಲ ಅಧ್ಯಾಯಗಳ ಮಾದರಿ ಉಚಿತವಾಗಿ ಸಿಗುತ್ತದೆ. ಅದನ್ನು ಮೊಬೈಲಿಗೆ ಇಳಿಸಿಕೊಂಡು, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ತಲುಪುವವರೆಗೆ ಬಸ್ಸಿನಲ್ಲಿ ಓದಿ ನೋಡಿ. ಘಟ್ಟದ ತಿರುವುಗಳಲ್ಲಿಯೂ ಪುಸ್ತಕ ಕೆಳಗಿಡಲು ಮನಸ್ಸಾಗದಿದ್ದರೆ ಕೊಳ್ಳಬಹುದು. ತಲೆ ತಿರುಗುವವರು ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡುವುದು ಒಳಿತು.

ಮಾದರಿ ಓದುವಾಗ ಗಮನಿಸಬೇಕಾದದ್ದು ಕಥೆ ರಭಸವಾಗಿದೆಯೇ ಎಂಬುದನ್ನಲ್ಲ. ಫ್ಯಾಂಟಸಿಯ ಮೊದಲ ಐವತ್ತು ಪುಟ ಬಹುಪಾಲು ಹೆಸರು, ಊರು, ಕುಲಗಳ ಗೊಂದಲವೇ. ಗೊಂದಲದ ನಡುವೆಯೂ ಒಂದು ಪಾತ್ರದ ಬಗ್ಗೆ ‘ಇವಳಿಗೆ ಮುಂದೇನಾಗುತ್ತದೆ’ ಎಂಬ ಕಾಳಜಿ ಹುಟ್ಟಿತೇ ಎಂದು ಕೇಳಿಕೊಳ್ಳಿ. ಹುಟ್ಟದಿದ್ದರೆ, ಎಷ್ಟು ದೊಡ್ಡ ಹೆಸರಾದರೂ ಸರಿ, ಬಿಟ್ಟುಬಿಡಿ.

ಪುಸ್ತಕದ ಹಿಂಬದಿಯಲ್ಲ, ಶೀರ್ಷಿಕೆ ಪುಟದ ಬೆನ್ನು

ಕಾರವಾರದವರಿಗೆ ಕೊಂಕಣ ರೈಲಿನಲ್ಲಿ ಮಡಗಾಂವ್ ಹತ್ತಿರ; ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಹಾಗಾಗಿ ಅಂಗಡಿಯಲ್ಲಿ ನಿಂತು ಹತ್ತು ಪುಸ್ತಕ ತಿರುವಿ ನೋಡುವ ಭಾಗ್ಯ ನಮಗೆ ಅಪರೂಪ. ಅಂಥ ಅವಕಾಶ ಸಿಕ್ಕಾಗ ಹಿಂಬದಿಯ ಹೊಗಳಿಕೆಯನ್ನು ಓದುತ್ತ ಕಾಲ ಕಳೆಯಬೇಡಿ. ಶೀರ್ಷಿಕೆ ಪುಟವನ್ನು ಮಗುಚಿ ಅದರ ಬೆನ್ನಿನಲ್ಲಿರುವ ಸಣ್ಣ ಅಕ್ಷರಗಳನ್ನು ನೋಡಿ. ಮೊದಲ ಮುದ್ರಣ ಯಾವ ವರ್ಷ, ಅನುವಾದವಾದರೆ ಮೂಲದ ವರ್ಷ ಯಾವುದು, ಎಷ್ಟನೆಯ ಆವೃತ್ತಿ ಎಂಬುದೆಲ್ಲ ಅಲ್ಲಿರುತ್ತದೆ. ಅದರ ಆಸುಪಾಸಿನಲ್ಲಿಯೇ ‘ಇದೇ ಲೇಖಕರ ಇತರ ಕೃತಿಗಳು’ ಎಂಬ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಈ ಎರಡನ್ನೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಂದರೆ ಅರ್ಧ ಕೆಲಸ ಮುಗಿಯಿತು. ಉಳಿದ ಅರ್ಧಕ್ಕೆ ‘ಇಂಟರ್‌ನೆಟ್ ಸ್ಪೆಕ್ಯುಲೇಟಿವ್ ಫಿಕ್ಷನ್ ಡೇಟಾಬೇಸ್’ ಎಂಬ ತಾಣವಿದೆ. ಲೇಖಕರ ಹೆಸರು ಕೊಟ್ಟರೆ ಸರಣಿವಾರು ಪಟ್ಟಿಯನ್ನೂ ಪ್ರಕಟಣೆಯ ವರ್ಷಗಳನ್ನೂ ಕೊಡುತ್ತದೆ. ನೋಡಲು ಅಂದವಾಗಿಲ್ಲ, ಆದರೆ ಕೆಲಸದ್ದು.

ಎರಡು ಬಲೆಗಳ ಬಗ್ಗೆ ಎಚ್ಚರ ಬೇಕು. ಒಂದು, ಒಂದೇ ಪುಸ್ತಕಕ್ಕೆ ಎರಡು ಹೆಸರು: ಫಿಲಿಪ್ ಪುಲ್‌ಮನ್ ಅವರ 1995ರ ‘ನಾರ್ದರ್ನ್ ಲೈಟ್ಸ್’ ಅಮೆರಿಕದಲ್ಲಿ ‘ದಿ ಗೋಲ್ಡನ್ ಕಂಪಾಸ್’ ಆಗಿದೆ; ಎರಡನ್ನೂ ಕೊಂಡವರು ನನ್ನ ಪರಿಚಯದಲ್ಲಿಯೇ ಇದ್ದಾರೆ. ಇನ್ನೊಂದು, ಒಂದು ಪುಸ್ತಕ ಎರಡು ತುಂಡಾಗಿರುವುದು. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯಲ್ಲಿ ಇಲ್ಲಿಯವರೆಗೆ ಬಂದಿರುವುದು ಐದೇ ಕಾದಂಬರಿ, ಆದರೆ ಬ್ರಿಟಿಷ್ ಪೇಪರ್‌ಬ್ಯಾಕಿನಲ್ಲಿ ಮೂರನೆಯದನ್ನೂ ಐದನೆಯದನ್ನೂ ಎರಡೆರಡು ಭಾಗ ಮಾಡಿರುವುದರಿಂದ ಪೆಟ್ಟಿಗೆಯಲ್ಲಿ ಏಳು ಪುಸ್ತಕಗಳಿರುತ್ತವೆ. ಸ್ಯಾಂಡರ್‌ಸನ್ ಅವರ ‘ದಿ ವೇ ಆಫ್ ಕಿಂಗ್ಸ್’ ಕೂಡ ಹೀಗೆಯೇ ಎರಡು ಭಾಗವಾಗಿ ಸಿಗುತ್ತದೆ. ಮೊದಲ ಭಾಗವನ್ನೇ ಪೂರ್ತಿ ಪುಸ್ತಕವೆಂದು ತಿಳಿದು, ‘ಇದೆಂಥ ಮುಕ್ತಾಯ’ ಎಂದು ಲೇಖಕರನ್ನು ಬೈಯುವ ಮೊದಲು ಮುಖಪುಟದಲ್ಲಿ ‘ಭಾಗ 1’ ಎಂದಿದೆಯೇ ನೋಡಿಕೊಳ್ಳಬೇಕು.

ಸರಣಿಯ ಜಾತಿ ಗುರುತಿಸುವುದು

ಇನ್ನು ಕ್ರಮದ ವಿಷಯ. ಒಂದೇ ಉದ್ದ ಕಥೆಯನ್ನು ಸಂಪುಟಗಳಾಗಿ ಕತ್ತರಿಸಿದ ಸರಣಿಗಳಲ್ಲಿ ಯೋಚಿಸುವುದೇನೂ ಇಲ್ಲ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ಟೋಲ್ಕಿನ್ ಒಂದೇ ಕೃತಿಯಾಗಿ ಬರೆದರು. 1954–55ರಲ್ಲಿ ಮೂರಾಗಿ ಬಂದದ್ದು ಪ್ರಕಾಶನದ ಖರ್ಚಿನ ಕಾರಣಕ್ಕೆ. ಅಂಥದ್ದನ್ನು ಒಂದು, ಎರಡು, ಮೂರು ಎಂದು ಓದಬೇಕಷ್ಟೇ. ಅದಕ್ಕೂ ಮೊದಲು 1937ರ ‘ದಿ ಹಾಬಿಟ್’ ಓದಿದರೆ ಒಳ್ಳೆಯದು. ‘ದಿ ಸಿಲ್ಮರಿಲಿಯನ್’ ಕಥಾಕಾಲದಲ್ಲಿ ಎಲ್ಲಕ್ಕಿಂತ ಹಿಂದಿನದಾದರೂ ಅದರಿಂದ ಆರಂಭಿಸಿದವರು ಬಹುಪಾಲು ಅಲ್ಲಿಯೇ ನಿಂತಿದ್ದಾರೆ. ಅದು ಪುರಾಣದ ಧಾಟಿಯದು, ಆ ಲೋಕದ ಮೇಲೆ ಪ್ರೀತಿ ಹುಟ್ಟಿದವರಿಗೆ ಮಾತ್ರ ದಕ್ಕುತ್ತದೆ.

ನಿಜವಾದ ಜಗಳ ಇರುವುದು ಸಿ. ಎಸ್. ಲೂಯಿಸರ ‘ನಾರ್ನಿಯಾ’ ಸರಣಿಯಲ್ಲಿ. ಏಳು ಪುಸ್ತಕಗಳು 1950ರಿಂದ 1956ರವರೆಗೆ ಬಂದವು. ಮೊದಲು ಬಂದದ್ದು ‘ದಿ ಲಯನ್, ದಿ ವಿಚ್ ಆ್ಯಂಡ್ ದಿ ವಾರ್ಡ್‌ರೋಬ್’. ಆ ಲೋಕದ ಸೃಷ್ಟಿಯನ್ನು ಹೇಳುವ ‘ದಿ ಮೆಜಿಷಿಯನ್ಸ್ ನೆಫ್ಯೂ’ ಬಂದದ್ದು 1955ರಲ್ಲಿ, ಆರನೆಯದಾಗಿ. ಇಂದು ಅಂಗಡಿಯಲ್ಲಿ ಸಿಗುವ ಪ್ರತಿಗಳಲ್ಲಿ ಮಾತ್ರ ಈ ಆರನೆಯದಕ್ಕೆ ಒಂದನೆಯ ಅಂಕಿ ಇರುತ್ತದೆ, ಏಕೆಂದರೆ 1990ರ ದಶಕದಿಂದ ಅವುಗಳನ್ನು ಕಥಾಕಾಲದ ಪ್ರಕಾರ ಜೋಡಿಸಲಾಗಿದೆ. ಅದಕ್ಕೆ ಆಧಾರವೂ ಇಲ್ಲದಿಲ್ಲ: 1957ರಲ್ಲಿ ಅಮೆರಿಕದ ಬಾಲಕನೊಬ್ಬ ಕಥಾಕಾಲದ ಕ್ರಮವೇ ಸರಿಯೆಂದು ಬರೆದಾಗ ಲೂಯಿಸ್ ಅವನ ಪರವಾಗಿಯೇ ಉತ್ತರಿಸಿ, ಯಾವ ಕ್ರಮದಲ್ಲಿ ಓದಿದರೂ ಬಹುಶಃ ದೊಡ್ಡ ವ್ಯತ್ಯಾಸವಾಗದು ಎಂದೂ ಸೇರಿಸಿದ್ದರು.

ಲೇಖಕರೇ ಹೀಗೆಂದ ಮೇಲೆ ವಾದ ಮಾಡುವುದು ಉದ್ಧಟತನವೇ ಇರಬಹುದು. ಆದರೂ ನಾನು ಪುಸ್ತಕದ ಪಕ್ಷ. ‘ದಿ ಲಯನ್...’ನಲ್ಲಿ ಆಸ್ಲಾನ್ ಎಂಬ ಹೆಸರು ಮೊದಲು ಕೇಳಿಬರುವಾಗ, ಅವನು ಯಾರೆಂದು ನಿಮಗೆ ಹೇಗೆ ಗೊತ್ತಿಲ್ಲವೋ ಹಾಗೆ ಆ ಮಕ್ಕಳಿಗೂ ಗೊತ್ತಿರಲಿಲ್ಲ ಎಂಬರ್ಥದ ಮಾತನ್ನು ನಿರೂಪಕ ಓದುಗನಿಗೆ ನೇರವಾಗಿ ಹೇಳುತ್ತಾನೆ. ಕಥಾಕಾಲದ ಕ್ರಮದಲ್ಲಿ ಬಂದ ಓದುಗನಿಗೆ ಆಸ್ಲಾನ್ ಯಾರೆಂದು ಚೆನ್ನಾಗಿ ಗೊತ್ತಿರುತ್ತದೆ. ಆ ವಾಕ್ಯ ಅವನ ಪಾಲಿಗೆ ಸುಳ್ಳಾಗುತ್ತದೆ. ಹಿಮ ಬಿದ್ದ ಕಾಡಿನ ನಡುವೆ, ಯಾರೂ ಇಲ್ಲದ ಕಡೆ, ಒಂದು ಬೀದಿದೀಪದ ಕಂಬ ಉರಿಯುತ್ತ ನಿಂತಿರುವುದನ್ನು ಪುಟ್ಟ ಹುಡುಗಿ ನೋಡುತ್ತಾಳಲ್ಲ, ಆ ಬೆರಗಿಗೆ ಉತ್ತರ ಆರನೆಯ ಪುಸ್ತಕದಲ್ಲಿದೆ. ಉತ್ತರವನ್ನು ಮೊದಲೇ ಓದಿದವನಿಗೆ ಕಂಬ ಬರೀ ಕಂಬ. ನನ್ನ ತಂಗಿಯ ಮಗ ಪೆಟ್ಟಿಗೆಯಿಂದ ಒಂದನೆಯ ಅಂಕಿಯ ಪುಸ್ತಕ ಹಿಡಿದು ಬಂದು ‘ಮಾವ, ಇದನ್ನೇ ಮೊದಲು ಓದ್ಲಾ?’ ಎಂದಾಗ ನಾನು ಅದನ್ನು ಇಸಿದುಕೊಂಡು ಎರಡನೆಯ ಅಂಕಿಯದನ್ನು ಕೊಟ್ಟದ್ದು ಇದೇ ಕಾರಣಕ್ಕೆ.

ನಂತರ ಬರೆದ ಪೂರ್ವಕಥೆಗಳಿಗೆಲ್ಲ ಇದೇ ನ್ಯಾಯ. ಜೋರ್ಡನ್ ಅವರ ‘ನ್ಯೂ ಸ್ಪ್ರಿಂಗ್’ ಕಾದಂಬರಿ 2004ರದ್ದು; ಹದಿನಾಲ್ಕು ಸಂಪುಟಗಳ ಸರಣಿಗೆ ಅದು ಹೆಬ್ಬಾಗಿಲಲ್ಲ, ಅರ್ಧ ದಾರಿಯಲ್ಲಿ ಸಿಗುವ ಕಿಟಕಿ. ಸಪ್ಕೊವ್‌ಸ್ಕಿಯವರ ‘ಸೀಸನ್ ಆಫ್ ಸ್ಟಾರ್ಮ್ಸ್’ 2013ರದ್ದು, ಕೊನೆಗೆ ಓದಿ. ಲೆ ಗ್ವಿನ್ ಅವರ ‘ಅರ್ತ್‌ಸೀ’ಯ ಮೊದಲ ಮೂರು 1968ರಿಂದ 1972ರೊಳಗೆ, ‘ಟೆಹಾನು’ 1990ರಲ್ಲಿ, ‘ಟೇಲ್ಸ್ ಫ್ರಮ್ ಅರ್ತ್‌ಸೀ’ ಮತ್ತು ‘ದಿ ಅದರ್ ವಿಂಡ್’ 2001ರಲ್ಲಿ. ಇಲ್ಲಿ ‘ಟೇಲ್ಸ್’ ಬರೀ ಕಥಾಸಂಕಲನವೆಂದು ಹಾರಿಸುವವರಿದ್ದಾರೆ. ಅದರ ಕೊನೆಯ ಕಥೆ ‘ಡ್ರ್ಯಾಗನ್‌ಫ್ಲೈ’ಯೇ ‘ಟೆಹಾನು’ವಿನಿಂದ ಕೊನೆಯ ಕಾದಂಬರಿಗೆ ಹೋಗುವ ಸಂಕ.

ಒಂದೇ ಲೋಕ, ಹಲವು ಎಳೆ ಇರುವ ಸರಣಿಗಳು ಬೇರೆ ಬಗೆಯವು. ಪ್ರಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ 1983ರಿಂದ 2015ರವರೆಗೆ 41 ಕಾದಂಬರಿ. ಆ ಸಂಖ್ಯೆ ಕೇಳಿಯೇ ಹೆದರುವವರಿದ್ದಾರೆ, ಹೆದರಬೇಕಾಗಿಲ್ಲ. ನಾವು ಯಾರೂ ಮಹಾಭಾರತವನ್ನು ಆದಿಪರ್ವದಿಂದ ನೋಡುತ್ತ ಬಂದವರಲ್ಲ. ಒಂದು ಚಳಿಗಾಲದಲ್ಲಿ ‘ಗದಾಯುದ್ಧ’, ಮತ್ತೊಂದು ವರ್ಷ ‘ಕೃಷ್ಣಸಂಧಾನ’ ನೋಡಿ, ನಡುವಿನದನ್ನು ನಾವೇ ಹೆಣೆದುಕೊಂಡವರು. ‘ಡಿಸ್ಕ್‌ವರ್ಲ್ಡ್’ಗೂ ಅದೇ ಧೈರ್ಯ ಸಾಕು. ನಗರದ ಕಾವಲುಪಡೆಯ ಕಥೆಗಳಿಗೆ 1989ರ ‘ಗಾರ್ಡ್ಸ್! ಗಾರ್ಡ್ಸ್!’, ಸಾವು ಎಂಬ ಪಾತ್ರದ ಕಥೆಗಳಿಗೆ 1987ರ ‘ಮಾರ್ಟ್’, ಯಾವ ಎಳೆಗೂ ಸೇರದೆ ತಾನೇ ತಾನಾಗಿ ನಿಲ್ಲುವ 1992ರ ‘ಸ್ಮಾಲ್ ಗಾಡ್ಸ್’, ಇವುಗಳಲ್ಲಿ ಯಾವುದರಿಂದಲಾದರೂ ಹಿಡಿಯಬಹುದು. ಒಂದು ಎಳೆ ಹಿಡಿದ ಮೇಲೆ ಮಾತ್ರ ಅದರೊಳಗೆ ಪ್ರಕಟಣೆಯ ಕ್ರಮ ಬಿಡಬಾರದು. ಮೊದಲ ಪುಸ್ತಕ ‘ದಿ ಕಲರ್ ಆಫ್ ಮ್ಯಾಜಿಕ್’ ನನ್ನ ಮಟ್ಟಿಗೆ ಸಪ್ಪೆ. ಲೇಖಕರ ಕೈ ಇನ್ನೂ ಪಳಗಿರಲಿಲ್ಲ. ಕಂಬಾರರ ಶಿವಾಪುರ ನಾಟಕದಲ್ಲಿ, ಕಾವ್ಯದಲ್ಲಿ, ಕಾದಂಬರಿಯಲ್ಲಿ ಮತ್ತೆ ಮತ್ತೆ ಬಂದರೂ ನಾವು ಕ್ರಮಸಂಖ್ಯೆ ಕೇಳದೆ ಓದಿದ್ದೇವಲ್ಲ, ಅದೇ ರೀತಿ.

ಹಲವು ಎಳೆಯಂತೆ ತೋರಿದರೂ ಒಳಗೆ ಒಂದೇ ಆಗಿರುವವೂ ಇವೆ, ಇಲ್ಲಿ ಮೋಸಹೋಗಬಾರದು. ರಾಬಿನ್ ಹಾಬ್ ಅವರ ‘ರೆಲ್ಮ್ ಆಫ್ ದಿ ಎಲ್ಡರ್ಲಿಂಗ್ಸ್’ ಐದು ಉಪಸರಣಿಗಳ 16 ಪುಸ್ತಕ. ಎರಡನೆಯ ಉಪಸರಣಿಯಲ್ಲಿ ನಾಯಕನೂ ಬೇರೆ, ಊರೂ ಬೇರೆ. ಹಡಗುಗಳ ಕಥೆ ನಮಗೇಕೆಂದು ಬಿಟ್ಟು ಮುಂದೆ ಹೋದವರು ಮೂರನೆಯದರಲ್ಲಿ ಮುಖ್ಯ ಗುಟ್ಟೊಂದನ್ನು ಬಿಟ್ಟಿ ಕಳೆದುಕೊಳ್ಳುತ್ತಾರೆ. 1995ರ ‘ಅಸಾಸಿನ್ಸ್ ಅಪ್ರೆಂಟಿಸ್’ನಿಂದ ಬಂದ ಹಾಗೆಯೇ ಓದಬೇಕು. ಅಮೀಶ್ ಅವರ ರಾಮಚಂದ್ರ ಸರಣಿಯದು ಇನ್ನೊಂದು ವಿನ್ಯಾಸ: ರಾಮ, ಸೀತೆ, ರಾವಣ ಒಬ್ಬೊಬ್ಬರ ಹುಟ್ಟಿನಿಂದ ಸೀತಾಪಹರಣದವರೆಗೆ ಒಂದೊಂದು ಪುಸ್ತಕ, ಮೂರೂ ನಾಲ್ಕನೆಯದಾದ 2022ರ ‘ವಾರ್ ಆಫ್ ಲಂಕಾ’ದಲ್ಲಿ ಕೂಡುತ್ತವೆ. ಮೊದಲ ಮೂರರಲ್ಲಿ ಹಿಂದುಮುಂದಾದರೆ ನಷ್ಟ ಕಡಿಮೆ, ನಾಲ್ಕನೆಯದನ್ನು ಮಾತ್ರ ಮೊದಲು ಮುಟ್ಟಬಾರದು.

ಮುಗಿಯದ ಸರಣಿ ಮತ್ತು ಒಂದು ಚೀಟಿ

ಕೊಳ್ಳುವ ಮೊದಲು, ಸರಣಿ ಮುಗಿದಿದೆಯೇ ಎಂದು ನೋಡುವುದನ್ನು ಮರೆಯಬೇಡಿ. ಮಾರ್ಟಿನ್ ಅವರ ಐದನೆಯ ಸಂಪುಟ 2011ರಲ್ಲಿ ಬಂದಿತು, ಪ್ಯಾಟ್ರಿಕ್ ರಾತ್‌ಫಸ್ ಅವರ ‘ಕಿಂಗ್‌ಕಿಲ್ಲರ್ ಕ್ರಾನಿಕಲ್’ ಸರಣಿಯ ಎರಡನೆಯದೂ ಅದೇ ವರ್ಷ; ಎರಡಕ್ಕೂ ಮುಂದಿನ ಸಂಪುಟಗಳಿಗಾಗಿ ಓದುಗರು ಕಾಯುತ್ತಲೇ ಇದ್ದಾರೆ. ಕಾಯಲು ಆಗದ ಸ್ವಭಾವದವರು ಮುಗಿದ ಸರಣಿಯಿಂದ ಆರಂಭಿಸಲಿ. ಹಾಗೆಂದು ಪೂರ್ತಿ ಪೆಟ್ಟಿಗೆಯನ್ನು ಒಮ್ಮೆಗೇ ತರಿಸುವುದೂ ಬೇಡ; ಎರಡನೆಯ ಸಂಪುಟದ ಅರ್ಧ ಓದಿದ ಮೇಲೆ ಮೂರನೆಯದಕ್ಕೆ ಹೇಳಿ. ಮಳೆಗಾಲಕ್ಕೆ ಬೇಕಾದದ್ದನ್ನು ಮಾತ್ರ ಮೇ ತಿಂಗಳಲ್ಲಿಯೇ ತರಿಸಿಡಬೇಕು, ಘಟ್ಟದಲ್ಲಿ ಧರೆ ಕುಸಿದರೆ ಪಾರ್ಸೆಲ್ ಎಲ್ಲಿ ಕೂರುತ್ತದೆಂದು ಹೇಳಲಾಗದು. ಬಂದದ್ದನ್ನು ಗೋಡೆಗೆ ತಾಗಿಸಿ ಇಟ್ಟರೆ ಆಗಸ್ಟಿನೊಳಗೆ ಬೂಸ್ಟು ಹಿಡಿಯುತ್ತದೆ.

ಸಂಪುಟ ಮುಗಿದ ದಿನವೇ ಅರ್ಧ ಹಾಳೆಯಲ್ಲಿ ಯಾರು ಬದುಕಿದ್ದಾರೆ, ಯಾರು ಎಲ್ಲಿದ್ದಾರೆ, ಯಾವ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ ಎಂದು ಬರೆದು ಹಿಂಬದಿಯ ರಟ್ಟಿನೊಳಗೆ ಇಡಿ. ಎಂಟು ತಿಂಗಳ ನಂತರ ಮುಂದಿನ ಸಂಪುಟ ಕೈಗೆ ಬಂದಾಗ ಹಿಂದಿನದನ್ನು ಮತ್ತೆ ಓದುವ ಬದಲು ಆ ಹಾಳೆ ಸಾಕಾಗುತ್ತದೆ. ಸೋದರಳಿಯನ ನಾರ್ನಿಯಾ ಪ್ರತಿಯಲ್ಲಿ ಮೊನ್ನೆ ಅಂಥದೊಂದು ಚೀಟಿ ಸಿಕ್ಕಿತು. ಮೂರು ಹೆಸರುಗಳ ಕೆಳಗೆ ಪೆನ್ಸಿಲಿನಲ್ಲಿ ‘ದೀಪದ ಕಂಬ ನೆಟ್ಟವರು ಯಾರು?’ ಎಂದು ಬರೆದು ಎರಡು ಗೆರೆ ಎಳೆದಿದ್ದ. ಅವನು ಈಗ ನಾಲ್ಕನೆಯ ಪುಸ್ತಕದಲ್ಲಿದ್ದಾನೆ.